ನಿಜಾಮುದ್ದೀನನ ಮನೆಯಲ್ಲೊಂದು ತೊಟ್ಟಿಲು

ಬೆಟಗೇರಿಯ ನಮ್ಮ ಓಣಿಯಲ್ಲಿ ಕೆಲಸ ಬಲ್ಲವರು ಕಡಿಮೆ, ಸಲಹೆ ಕೊಡಬಲ್ಲವರು ಹೆಚ್ಚು. ಇದೇನೂ ನಮ್ಮ ಓಣಿಯದೊಂದೇ ದೋಷವಲ್ಲ. ಅಪರೂಪವಾದದ್ದು ಸಲಹೆ ಕೇಳುವ ಮನುಷ್ಯ. ಅಂಥ ಅಪರೂಪದವನು ನಮ್ಮ ಅಂದಪ್ಪ. ಬರೀ ಕೇಳಿ ಸುಮ್ಮನಾಗಿದ್ದರೆ ಚಿಂತೆ ಇರಲಿಲ್ಲ. ಅವನು ಎಲ್ಲರೂ ಕೊಟ್ಟ ಸಲಹೆಗಳನ್ನೆಲ್ಲ ಪಾಲಿಸುತ್ತಾನೆ. ಒಬ್ಬರ ಮಾತು ನಡೆಸಿ ಇನ್ನೊಬ್ಬರದನ್ನು ಬಿಟ್ಟರೆ ಪಾಪ, ಅವರಿಗೆ ಬೇಸರವಾದೀತು ಎಂಬುದು ಅವನ ಧರ್ಮ.

ಅಂದಪ್ಪ ಗದಗಿನ ಬಸ್ ಸ್ಟ್ಯಾಂಡಿನಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ಹೆಸರು ಕೂಗಿ ನಿವೃತ್ತನಾದವನು. ಕೆಲಸ ಬಿಟ್ಟಿತು, ಕಂಠ ಬಿಡಲಿಲ್ಲ. ಊಟಕ್ಕೆ ಕೂತು ಅವನು ಉಪ್ಪು ಕೇಳಿದರೆ ಪಕ್ಕದ ಮನೆಯವರು ಉಪ್ಪಿನ ಡಬ್ಬಿ ಹಿಡಿದು ಬಂದ ಉದಾಹರಣೆ ಉಂಟು. ಇನ್ನು ಕೈಕೆಲಸದ ಮಾತು ಕೇಳಬೇಡಿ. ಕ್ಯಾಲೆಂಡರ್ ತೂಗುಹಾಕಲು ಅವನು ಗೋಡೆಗೆ ಹೊಡೆದ ಮೊಳೆ ಇವತ್ತಿಗೂ ನಾಚಿಕೊಂಡು ನೆಲ ನೋಡುತ್ತಿದೆ.

ಇಂಥವನು ತೊಟ್ಟಿಲು ಮಾಡುವ ಪ್ರತಿಜ್ಞೆ ಮಾಡಿದ್ದಕ್ಕೆ ಕಾರಣ ಮುಂಡರಗಿಯ ಬೀಗರು. ಮಗಳು ವಾಣಿಶ್ರೀಯ ಚೊಚ್ಚಲ ಬಸಿರು. ಅತ್ತೆಮನೆಯಲ್ಲಿ ಸೀಮಂತ, ನಮ್ಮ ಕಡೆಯ ಕುಬಸದ ಕಾರ್ಯ. ಅವಳನ್ನು ಕೂಡಿಸಿದ ಮಣೆ ಬೀಗರೇ ಮಾಡಿದ್ದಂತೆ. ಅದನ್ನು ತೋರಿಸುವುದಕ್ಕಾಗಿ ಬೀಗರು ಕೂತ ಬಸುರಿಯನ್ನು ಮತ್ತೆ ಮತ್ತೆ ಎಬ್ಬಿಸಿ, ಮಣೆ ಬೋರಲು ಹಾಕಿ, "ನೋಡ್ರಿ ಅಂದಪ್ಪನವರ, ಒಂದ ಮೊಳಿ ಇಲ್ಲ. ಎಲ್ಲಾ ನನ್ನ ಕೈಲೆ!" ಎಂದು ಹೇಳುತ್ತಿದ್ದರು. ಆರತಿ ಹಿಡಿದ ಹೆಂಗಸರು ಆರತಿ ಬಿಟ್ಟು ಮಣೆ ನೋಡತೊಡಗಿದ್ದನ್ನು ಅಂದಪ್ಪನಿಂದ ಸಹಿಸಲಾಗಲಿಲ್ಲ.

"ತೊಟ್ಲ ತವರಮನೀದಲ್ರಿ?" ಎಂದ. "ಅದನ್ನ ನಾನ ಮಾಡ್ತೀನಿ. ನನ್ನ ಕೈಲೆ!"

ಪಕ್ಕದಲ್ಲಿದ್ದ ಹೆಂಡತಿ ಸುಮಿತ್ರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುವಿಗಲ್ಲ, ಹೆದರಿಕೆಗೆ.

ಮಗಳನ್ನು ಕರೆದುಕೊಂಡು ಮನೆಗೆ ಬಂದ ಮೇಲೆ ಅವಳು ಕಟ್ಟಪ್ಪಣೆ ಹೊರಡಿಸಿದಳು. "ಕೂಸ ಹುಟ್ಟೂಕಿಂತ ಮೊದಲ ಕುಲಾವಿ ಹೊಲಸಿದ್ರಂತ. ಹಂಗಾತ ನಿಮ್ಮದು. ಹಡಿಯೂ ಹುಡುಗಿ ಇರೂ ಮನ್ಯಾಗ ಈಗ ತೊಟ್ಲ ಕಾಲ ಇಡಬಾರದು. ಕಟ್ಟಗೀ ಚೂರ ಸೈತ ನನಗ ಕಾಣಬಾರದು."

"ಬೀಗರ ಮುಂದ ಮಾತ ಕೊಟ್ಟೀನಲ್ಲ?"

"ಮಾಡ್ಕೋರಿ. ಆದರ ಈ ಮನ್ಯಾಗಲ್ಲ. ಮತ್ತ ಯಾರ ಕೂಸಿಗೆ ಅಂತ ಒಬ್ಬರ ಮುಂದೂ ಬಾಯಿ ಬಿಡಬ್ಯಾಡ್ರಿ. ದೃಷ್ಟಿ ಆಗ್ತೈತಿ. ನನ್ನ ಆಣಿ ಐತಿ!"

ಸುಮಿತ್ರವ್ವ ಹೀಗೆಲ್ಲ ಹೆದರುವವಳಲ್ಲ. ಆದರೆ ವಾಣಿಶ್ರೀ ಒಬ್ಬಳೇ ಮಗಳು, ಮದುವೆಯಾಗಿ ಬಹಳ ಕಾಲ ಕಾದ ಬಸಿರು. ಆ ಹೆದರಿಕೆಯಲ್ಲಿ ಪ್ರೀತಿಯೇ ಹೆಚ್ಚಿತ್ತು ಎಂದು ಓಣಿಯ ನಾವೆಲ್ಲ ಬಲ್ಲೆವು.

ಅಂದಪ್ಪ ನೇರವಾಗಿ ಪಕ್ಕದ ಮನೆಗೆ ಹೋದ. ಪಕ್ಕದ ಮನೆಯ ನಿಜಾಮುದ್ದೀನ ಗಾದಿ ಹೊಲಿಯುವವನು, ಅಂದಪ್ಪನ ಬಾಲ್ಯದ ಗೆಳೆಯ. ಎರಡು ಮನೆಗಳ ಹಿತ್ತಿಲ ನಡುವೆ ಎದೆಮಟ್ಟದ ಗೋಡೆಯೊಂದಿದೆ. ಅದರ ಮೇಲಿಂದ ರೊಟ್ಟಿ, ಪಲ್ಯ, ಬೈಗುಳ ಎಲ್ಲ ದಾಟಿವೆ. ಹತ್ತಿ ಪೇರಿಸಲು ನಿಜಾಮುದ್ದೀನ ಹಿತ್ತಿಲಲ್ಲಿ ಪತ್ರಾಸಿನ, ಅಂದರೆ ತಗಡಿನ ಚಪ್ಪರ ಹಾಕಿಕೊಂಡಿದ್ದ.

"ಮಾಡಲೇ ಇಲ್ಲೇ. ನಿಮ್ಮ ಮನಿ ಕೂಸ ನಮಗೇನ ಬ್ಯಾರೆ?" ಎಂದ ನಿಜಾಮುದ್ದೀನ. "ಗಾದಿ ನಂದು. ಸುಮಿತ್ರವ್ವಗ ಹೇಳು, ನನ್ನ ಬಾಯಿಂದ ಒಂದ ಮಾತ ಹೊರಗ ಬರಂಗಿಲ್ಲ."

ಅವನ ಹೆಂಡತಿ ಮೆಹಬೂಬಿಯೂ ಮಾತು ಕೊಟ್ಟಳು. ಹೀಗೆ ನಾಲ್ಕು ಮಂದಿ ಒಳ್ಳೆಯವರು ಸೇರಿ ಒಂದು ಗುಟ್ಟು ಮಾಡಿದರು. ಕೆಟ್ಟವರು ಮಾಡಿದ ಗುಟ್ಟಾದರೆ ಹೇಗೋ ಸುಧಾರಿಸಬಹುದು.

ಜಾಗ ಸಿಕ್ಕಿತು, ಇನ್ನು ವಿದ್ಯೆ ಬೇಕಿತ್ತು. ಬಡಿಗರನ್ನು ಕೇಳಿದರೆ ಬೀಗರಿಗೆ ಗೊತ್ತಾದೀತು. ಅಂದಪ್ಪ ಮೊಬೈಲಿನಲ್ಲಿ 'ಕೈಯಾರೆ ಬಳಗ' ಎಂಬ ವಾಟ್ಸಾಪ್ ಗುಂಪು ಸೇರಿದ. ಹೊಟ್ಟೆಪಾಡಿಗೆ ಬೇರೆ ಉದ್ಯೋಗವಿದ್ದು, ರವಿವಾರ ಮಾತ್ರ ಗರಗಸ ಹಿಡಿಯುವ ಹವ್ಯಾಸಿಗಳ ಗುಂಪು ಅದು. ಅಲ್ಲಿ ಮೂವರು ಘಟಾನುಘಟಿಗಳು. ಒಬ್ಬ ಮಲ್ಲಸಮುದ್ರದ ನೀಲಪ್ಪ, ಹಕ್ಕಿಗಳಿಗೆ ಮನೆ ಮಾಡುವವನು. ಊರ ಮರಗಳಿಗೆಲ್ಲ ಮನೆ ಕಟ್ಟಿದ್ದಾನೆ, ಹಕ್ಕಿ ಒಂದೂ ಗೃಹಪ್ರವೇಶ ಮಾಡಿಲ್ಲ. ಇನ್ನೊಬ್ಬರು ಗದಗಿನ ಹಲ್ಲಿನ ಡಾಕ್ಟರು. ಲೋಕದ ಸಮಸ್ಯೆಗಳೆಲ್ಲ ಒಂದು ತೂತು ಕೊರೆದು ತುಂಬಿದರೆ ಬಗೆಹರಿಯುತ್ತವೆ ಎಂದು ನಂಬಿದವರು. ಮೂರನೆಯವನು ಶಿರಹಟ್ಟಿಯ ಅರಿವೆ ಅಂಗಡಿಯ ರಫೀಕ. ಏನನ್ನೂ ಮಾಡಿದವನಲ್ಲ, ಎಲ್ಲದರ ವಿಡಿಯೋ ನೋಡಿದವನು.

ಕಟ್ಟಿಗೆ ಯಾವುದು ಎಂದು ಅಂದಪ್ಪ ಕೇಳಿದ. ಸಾಗವಾನಿ ಎಂದ ನೀಲಪ್ಪ. ಬೇವು, ಹುಳ ಹಿಡಿಯುವುದಿಲ್ಲ ಎಂದರು ಡಾಕ್ಟರು. ಅಂದಪ್ಪ ಎಡಗಡೆ ಸಾಗವಾನಿ, ಬಲಗಡೆ ಬೇವು ಹಾಕಿದ. ಮೊಳೆಯೋ ಕೀಲೋ ಎಂದು ಕೇಳಿದ. ನೀಲಪ್ಪ ಕೀಲು ಎಂದ, ರಫೀಕ ಮೊಳೆ ಎಂದ, ಡಾಕ್ಟರು ತೂತು ಕೊರೆದು ಸ್ಕ್ರೂ ಎಂದರು. ತಲೆಯ ಕಡೆಗೆ ಕೀಲು, ಕಾಲಿನ ಕಡೆಗೆ ಸ್ಕ್ರೂ, ತಳದ ಹಲಗೆಗೆ ಮೊಳೆ. ಯಾರಿಗೂ ಅನ್ಯಾಯವಾಗಲಿಲ್ಲ. ತೊಟ್ಟಿಲು ಮಾತ್ರ ಚಪ್ಪರದ ತೊಲೆಗೆ ಸರಪಳಿಯಲ್ಲಿ ನೇತಾಡುತ್ತ, ಯಾವ ಕಡೆಗೆ ವಾಲಬೇಕೆಂದು ತಿಳಿಯದೆ ಎಲ್ಲ ಕಡೆಗೂ ವಾಲುತ್ತಿತ್ತು.

ಬಡಿಯುವ ಸಪ್ಪಳ ಎಷ್ಟು ದಿನ ಮುಚ್ಚಿಟ್ಟರೆ ಮುಚ್ಚೀತು? ಎದುರುಮನೆಯ ಅಮೀನಬಿ ನಮ್ಮ ಓಣಿಯ ವರ್ತಮಾನ ಪತ್ರಿಕೆ. ಹಿತ್ತಿಲಲ್ಲಿ ತೊಟ್ಟಿಲು ಕಂಡವಳೇ ಮೊದಲು ಸುಮಿತ್ರವ್ವನನ್ನು ಹಿಡಿದಳು.

"ಅವ್ವಾ, ವಾಣಿಶ್ರೀ ಸಲುವಾಗಿ ತೊಟ್ಲ ಮಾಡಸಾಕತ್ತೀರೇನು?"

"ಏ, ಬಿಡ್ತು ಅನ್ನ! ನಮ್ಮ ಮನ್ಯಾಗ ಕೂಸ ಹುಟ್ಟೂತನಕ ಕುಲಾವಿ ಸೈತ ಹೊಲಸಂಗಿಲ್ಲ. ನಮ್ಮದಲ್ಲವಾ ಅದು."

"ಮತ್ತ ಯಾರದು?"

"ಯಾರ ಮನ್ಯಾಗ ಐತೋ ಅವರನ್ನ ಕೇಳು" ಎಂದು ಸುಮಿತ್ರವ್ವ ಬಾಗಿಲು ಹಾಕಿಕೊಂಡಳು.

ಅಮೀನಬಿ ತರ್ಕಶಾಸ್ತ್ರ ಓದಿದವಳಲ್ಲ, ಆದರೆ ಲೆಕ್ಕ ಹಾಕಿದಳು. ನಿಜಾಮುದ್ದೀನನ ಮನೆಯಲ್ಲಿ ಇರುವವರು ಗಂಡ, ಹೆಂಡತಿ, ಮಗ ತಾರೀಖ. ತಾರೀಖನಿಗೆ ಇನ್ನೂ ಮದುವೆಯಿಲ್ಲ. ಅಂದ ಮೇಲೆ ಉಳಿದವಳು ಮೆಹಬೂಬಿ! ಮರುದಿನವೇ ಆಶಾ ಕಾರ್ಯಕರ್ತೆ ಪ್ರಿಯಾಂಕಾ ಚೀಲ ಹೆಗಲಿಗೆ ಹಾಕಿಕೊಂಡು ಬಂದು, ಹೊಸ್ತಿಲಲ್ಲಿ ಕೂತು, ಬಹಳ ನಯವಾಗಿ ಮಾತೆತ್ತಿದಳು.

"ಮೆಹಬೂಬಕ್ಕ, ನಾಚಬ್ಯಾಡ್ರಿ. ಈ ವಯಸ್ಸಿನ್ಯಾಗ ಭಾಳ ಜ್ವಾಕಿ ಬೇಕು. ಮೊದಲ ಆಸ್ಪತ್ರಿಗೆ ಹೋಗಿ ಹೆಸರ ಹಚ್ಚೂಣು ಬರ್ರಿ."

ಮೆಹಬೂಬಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಕೈಯಲ್ಲಿದ್ದ ಲಟ್ಟಣಿಗೆ ಕೆಳಗಿಟ್ಟಳು. ಇಟ್ಟದ್ದು ಪ್ರಿಯಾಂಕಾಳ ಪುಣ್ಯ.

"ನನ್ನ ಮಗಗ ಮೀಸಿ ಬಂದ ಎಷ್ಟ ವರ್ಷ ಆತವಾ! ಅವನ ಮದುವಿ ಮಾತ ನಡದೈತಿ ನಮ್ಮ ಮನ್ಯಾಗ!"

"ಹಂಗಾರ ತೊಟ್ಲ ಯಾರಿಗೆ?"

ಮೆಹಬೂಬಿ ಕೊಟ್ಟ ಮಾತು ನೆನೆದು ಬಾಯಿ ಬಿಗಿದಳು. ಪ್ರಿಯಾಂಕಾ ಅನುಕಂಪದಿಂದ ಅವಳ ಕೈ ಸವರಿ, ಕಬ್ಬಿಣಾಂಶದ ಗುಳಿಗೆ ಇಟ್ಟು ಹೋದಳು.

ಮದುವೆ ಮಾತು ನಡೆದದ್ದು ಖರೆ. ಲಕ್ಷ್ಮೇಶ್ವರದ ಗುಲ್ನಾಜ ಎಂಬ ಹುಡುಗಿಯನ್ನು ತಾರೀಖ ನೋಡಿ ಬಂದಿದ್ದ. ಅವತ್ತಿನಿಂದ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯಲ್ಲಿ ಗಿರಾಕಿ ಬೋಲ್ಟು ಕೇಳಿದರೆ ನಟ್ಟು ಕೊಡುತ್ತ, ತಪ್ಪು ತಿಳಿದಾಗ ನಗುತ್ತ ಇದ್ದ. ಹುಡುಗಿಗೂ ಮನಸ್ಸಿತ್ತು. ಆದರೆ ಆ ಮನೆಯಲ್ಲಿ ಹೂಂ ಎನ್ನಬೇಕಾದವಳು ಹುಡುಗಿಯ ಅಜ್ಜಿ ಮೋತಿಬಿ. ಆಕೆ ಇನ್ನೂ ಹೂಂ ಎಂದಿರಲಿಲ್ಲ.

ಇತ್ತ ಅಂದಪ್ಪ ತೊಟ್ಟಿಲಿಗೆ ಪಾಲಿಶ್ ಹಾಕಿದವನೇ ಉಬ್ಬಿ ಹೋಗಿ ಬಳಗಕ್ಕೆ ಫೋಟೋ ಕಳಿಸಿದ. ಫೋಟೋದಲ್ಲಿ ತೊಟ್ಟಿಲು ಅರ್ಧ ಬಂದಿತ್ತು, ಹಿಂದೆ ಗಾದಿ ಹೊಲಿಯುತ್ತ ಕೂತ ನಿಜಾಮುದ್ದೀನ ಪೂರ್ತಿ ಬಂದಿದ್ದ.

ಶಿರಹಟ್ಟಿಯ ರಫೀಕ ಕೂಡಲೇ ಬರೆದ: "ಇದು ನಿಜಾಮುದ್ದೀನ ಮಾಮಾರ ಮನಿ ಅಲ್ರಿ? ಕೂಸ ಯಾವಾಗ?"

ಅಂದಪ್ಪ ಪ್ರಾಮಾಣಿಕವಾಗಿ ಉತ್ತರಿಸಿದ: "ಇನ್ನೇನ ಸ್ವಲ್ಪ ದಿನದಾಗ. ಯಾರದಂತ ಕೇಳಬ್ಯಾಡ್ರಿ, ಹೇಳಾಂಗಿಲ್ಲ. ಆಣಿ ಐತಿ."

ರಫೀಕ ಮೋತಿಬಿಯ ತಂಗಿಯ ಮೊಮ್ಮಗ. ಅಂಗಡಿ ಬಾಗಿಲು ಅರ್ಧ ಎಳೆದು ಲಕ್ಷ್ಮೇಶ್ವರಕ್ಕೆ ಫೋನು ಹಚ್ಚಿದ. ಹೇಳಿದ್ದು ಇಷ್ಟೇ: ಹುಡುಗನ ಮನೆಯಲ್ಲಿ ತೊಟ್ಟಿಲು ಕಟ್ಟಿದ್ದಾರೆ, ಗಾದಿ ಹೊಲಿಯುತ್ತಿದ್ದಾರೆ, ಯಾರ ಕೂಸೆಂದು ಹೇಳಲು ಒಲ್ಲರು. ಇದರಲ್ಲಿ ಸುಳ್ಳು ಒಂದು ಅಕ್ಷರವೂ ಇರಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ಫೋನಿಟ್ಟು ರಫೀಕ ಮತ್ತೆ ಬಳಗಕ್ಕೆ ಬಂದು ತನ್ನ ಕರ್ತವ್ಯ ಮುಂದುವರಿಸಿದ. ಅಲ್ಲಿ ತೊಟ್ಟಿಲಿನ ಕೊನೆಯ ಪರೀಕ್ಷೆಯ ಚರ್ಚೆ ನಡೆದಿತ್ತು. ಕೂಸಿನ ತೂಕದ ಎರಡು ಮೂರು ಪಟ್ಟು ಭಾರ ಹಾಕಿ ತೂಗಬೇಕು ಎಂದ ನೀಲಪ್ಪ. ಪಾಲಿಶ್ ಗೀಚದಂತೆ ಭಾರಕ್ಕೆ ಮೆತ್ತನೆಯ ಬಟ್ಟೆ ಸುತ್ತಿರಿ ಎಂದರು ಡಾಕ್ಟರು. ಒಂದೇ ಲಯದಲ್ಲಿ ತೂಗಬೇಕು, ಲಯ ತಪ್ಪದಿರಲು ಹಾಡಿಕೊಳ್ಳಿ ಎಂದ ರಫೀಕ. ಖಾಲಿ ತೊಟ್ಟಿಲು ತೂಗಬಾರದೆಂಬುದು ಅಂದಪ್ಪನಿಗೂ ಗೊತ್ತಿತ್ತು. ಹೆಸರಿಡುವ ದಿನ ಕೂಸಿಗಿಂತ ಮೊದಲು ತೊಟ್ಟಿಲಿಗೆ ಗುಂಡುಕಲ್ಲು ಹಾಕುವುದು ನಮ್ಮ ಕಡೆಯ ಪದ್ಧತಿ. ಅವನು ತನ್ನ ಮನೆಯ ಅಡುಗೆಕೋಣೆಯಿಂದ ಅರೆಯುವ ಗುಂಡುಕಲ್ಲನ್ನು ಕದ್ದು ತಂದ. ಮೆಹಬೂಬಿಯ ಹಳೆಯ ಓಢಣಿಯಲ್ಲಿ ತಲೆಯಿಂದ ಕಾಲಿನವರೆಗೆ ಸುತ್ತಿದ. ಹೊಸ ಗಾದಿಯ ಮೇಲೆ ಮೆಲ್ಲಗೆ ಮಲಗಿಸಿ ತೂಗತೊಡಗಿದ. ಜೋಗುಳ ಒಂದೂ ಬಾರದ್ದರಿಂದ ಬಾಯಿಗೆ ಬಂದದ್ದನ್ನೇ ರಾಗವಾಗಿ ಎಳೆದ.

"ಶಿರಹಟ್ಟೀ... ಲಕ್ಷ್ಮೇಶ್ವರಾ... ಮುಂಡರಗೀ... ಮಲ್ಲಸಮುದ್ರಾ..."

"ಲಕ್ಷ್ಮೇಶ್ವರದವರು ಬಂದೀವಿ" ಎಂದಿತು ಹಿಂದಿನಿಂದ ಒಂದು ದನಿ.

ಬಿಳಿ ಸೀರೆಯ, ಬೆತ್ತ ಹಿಡಿದ ಮುದುಕಿ ಮೋತಿಬಿ. ಜೊತೆಗೆ ಗುಲ್ನಾಜಳ ಅಣ್ಣ ರಮೀಜ. ಹೇಳದೆ ಕೇಳದೆ ಬಂದು, ಮುಂಬಾಗಿಲು ಬಿಟ್ಟು ಹಿತ್ತಿಲಿಗೇ ನುಗ್ಗಿದ್ದರು. ಅಂದಪ್ಪ ಅವರ ಮುಖ ನೋಡಿದವನಲ್ಲ. ಗಾದಿ ಕೊಳ್ಳಲು ಬಂದ ಗಿರಾಕಿಗಳು ಎಂದುಕೊಂಡ.

"ಸಾವಕಾಶ ಮಾತಾಡ್ರಿ ಅಮ್ಮಾರ. ಲಯ ತಪ್ಪತೈತಿ."

ಮೋತಿಬಿ ತೊಟ್ಟಿಲಲ್ಲಿದ್ದ ಗಂಟನ್ನು ದೂರದಿಂದಲೇ ನೋಡಿದಳು. "ಕೂಸ ಯಾರದು?"

"ಅದೊಂದ ಕೇಳಬ್ಯಾಡ್ರಿ."

"ಅದರ ತಾಯಿ ಎಲ್ಲೆ?"

"ಅದೂ ಕೇಳಬ್ಯಾಡ್ರಿ. ಗೋಡಿಗೂ ಕಿವಿ ಇರ್ತಾವು" ಎಂದು ಅಂದಪ್ಪ ತನ್ನ ಮನೆಯ ಗೋಡೆಯ ಕಡೆ ಕಣ್ಣು ಹಾಯಿಸಿದ.

ಅಷ್ಟರಲ್ಲಿ ಸಪ್ಪಳ ಕೇಳಿ ನಿಜಾಮುದ್ದೀನ, ಮೆಹಬೂಬಿ, ಊಟಕ್ಕೆ ಬಂದಿದ್ದ ತಾರೀಖ ಮೂವರೂ ಹಿತ್ತಿಲಿಗೆ ಬಂದರು. ಬಂದವರನ್ನು ಕಂಡು ಮೆಹಬೂಬಿ ತಲೆಯ ಮೇಲೆ ಸೆರಗೆಳೆದುಕೊಂಡು, "ಬರ್ರಿ ಅಮ್ಮಾ, ಒಳಗ ಕುಂಡ್ರಿ..." ಎನ್ನುವುದಕ್ಕೂ, ತೊಟ್ಟಿಲು 'ಕರ್ರ್' ಎನ್ನುವುದಕ್ಕೂ ಸರಿಹೋಯಿತು.

ಸಾಗವಾನಿ ಎಡಕ್ಕೆ ಎಳೆಯಿತು, ಬೇವು ಬಲಕ್ಕೆ. ರಫೀಕನ ಮೊಳೆಗಳು ನಡುವೆ ನಿಂತು ನೋಡಿ, ನಮಗೇಕೆ ಊರ ಉಸಾಬರಿ ಎಂದು ಕೈಬಿಟ್ಟವು. ತಳದ ಹಲಗೆ ಕಳಚಿತು. ಓಢಣಿಯ ಗಂಟು ಧಡ್ ಎಂದು ನೆಲಕ್ಕೆ ಬಿತ್ತು.

ಮೋತಿಬಿ "ಯಾ ಅಲ್ಲಾ!" ಎಂದು ಎದೆ ಹಿಡಿದುಕೊಂಡಳು. ರಮೀಜ ಕಿರುಚಿದ. ಅಂದಪ್ಪ ಮಾತ್ರ ಗಂಟಿನ ಕಡೆ ತಿರುಗಿಯೂ ನೋಡದೆ, ತೊಟ್ಟಿಲ ತಳಕ್ಕೆ ತಲೆ ಹಾಕಿ ಗೋಳಾಡಿದ.

"ಹೋತಲ್ಲೋ ನನ್ನ ತೊಟ್ಲ! ಪಾಲಿಶ್ ಎದ್ದು ಹೋತಲ್ಲೋ!"

"ಕಾಕಾ! ಕೂಸು! ಕೂಸಿಗೇನಾತ ನೋಡ್ರಿ!" ರಮೀಜ ಗಂಟಿನ ಕಡೆ ಧಾವಿಸಿದ.

"ಅದಕ್ಕೇನಾಗತೈತಪಾ? ನಮ್ಮವ್ವನ ಕಾಲದಿಂದ ಮೆಣಸಿನಕಾಯಿ ಅರದೈತಿ!"

ಮೋತಿಬಿ ಬೆತ್ತ ಊರಿ ಬಗ್ಗಿ, ಓಢಣಿ ಸರಿಸಿದಳು. ಕಪ್ಪು ಗುಂಡುಕಲ್ಲು. ಬೆಳಗಿನ ಬೆಳ್ಳುಳ್ಳಿ ಖಾರದ ವಾಸನೆ ಇನ್ನೂ ಹೋಗಿರಲಿಲ್ಲ. ಮುದುಕಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಜೀವ ಬಂದಂತಾದ ಆ ಕ್ಷಣದಲ್ಲಿ ನಕ್ಕಳೂ ಸಹ. ಆದರೆ ಹೂಂ ಎನ್ನಬೇಕಾದವಳು ಅಷ್ಟಕ್ಕೇ ಬಿಡುವವಳೇ?

"ಕಲ್ಲಂತೂ ಖರೆ. ಆದರ ಕಲ್ಲಿನ ಸಲುವಾಗಿ ಯಾರೂ ತೊಟ್ಲ ಮಾಡಂಗಿಲ್ಲ. ನಿಜಾಮುದ್ದೀನ, ಮದುವಿ ಆಗದ ಹುಡುಗ ಇರೂ ಮನ್ಯಾಗ ಇದು ಯಾಕ ಬಂತು? ನನ್ನ ಮೊಮ್ಮಗಳನ್ನ ಕೊಡೂ ಮನಿ ಇದು. ಒಂದ ಮಾತ ಹೇಳ, ನಾ ನಂಬತೀನಿ."

ನಿಜಾಮುದ್ದೀನ ಅಂದಪ್ಪನ ಮುಖ ನೋಡಿದ. ಅಂದಪ್ಪ ತನ್ನ ಮನೆಯ ಗೋಡೆಯ ಕಡೆ ನೋಡಿದ. ಹೇಳಿದರೆ ಹೆಂಡತಿಯ ಆಣೆ, ಮಗಳ ಬಸಿರು. ಹೇಳದಿದ್ದರೆ ತನ್ನ ಕಣ್ಣೆದುರೇ ಬೆಳೆದ ತಾರೀಖನ ಮದುವೆ. ಬಸ್ ಸ್ಟ್ಯಾಂಡಿನ ಮೈಕನ್ನೇ ನಾಚಿಸಿದ ಕಂಠದಿಂದ ಒಂದು ಪಿಸುಮಾತೂ ಹೊರಡಲಿಲ್ಲ.

"ಅಮ್ಮಾ, ಹೇಳಾಕ ಬರಂಗಿಲ್ಲ. ಮಾತ ಕೊಟ್ಟೀನಿ" ಎಂದ ನಿಜಾಮುದ್ದೀನ ತಲೆ ತಗ್ಗಿಸಿ. "ಆದರ ನನ್ನ ಮಗ ಅಂಥಾಂವಲ್ಲ."

ಮೆಹಬೂಬಿ ಕಣ್ಣೊರೆಸಿಕೊಂಡಳು. ಮೋತಿಬಿ ನಿಟ್ಟುಸಿರು ಬಿಟ್ಟು ಮೊಮ್ಮಗನ ಕೈ ಹಿಡಿದು ಎದ್ದಳು. "ನಡೀಪಾ ರಮೀಜ. ಬಸ್ ಸಿಗತೈತಿ."

"ನಿಂದರ್ರಿ ಅಮ್ಮಾ!"

ಗೋಡೆಯಾಚೆಯಿಂದ ಬಂದ ದನಿ ಸುಮಿತ್ರವ್ವನದು. ಗುಂಡುಕಲ್ಲು ಹುಡುಕುತ್ತ ಹಿತ್ತಿಲಿಗೆ ಬಂದವಳು ಎಲ್ಲ ಕೇಳಿಸಿಕೊಂಡಿದ್ದಳು. ಗೋಡೆಯ ಮೇಲೆ ಕಂಡ ಅವಳ ತಲೆ ಮರೆಯಾಯಿತು ಎಂದುಕೊಳ್ಳುವಷ್ಟರಲ್ಲಿ ಅವಳು ಮುಂಬಾಗಿಲಿನಿಂದ ಸುತ್ತಿ ಬಂದೇಬಿಟ್ಟಳು. ಒಬ್ಬಳೇ ಅಲ್ಲ, ತುಂಬಿದ ಹೊಟ್ಟೆಯ ವಾಣಿಶ್ರೀಯ ಕೈ ಹಿಡಿದುಕೊಂಡು. ಇಷ್ಟು ದಿನ ಮಗಳನ್ನು ಹೊಸ್ತಿಲು ದಾಟಿಸದವಳು, ಹೊರಗಿನವರ ಕಣ್ಣು ಬಿದ್ದೀತೆಂದು ಕಿಟಕಿಗೂ ಪರದೆ ಕಟ್ಟಿದವಳು, ಮಗಳನ್ನು ತಂದು ಪರವೂರಿನವರ ಎದುರು ನಿಲ್ಲಿಸಿದಳು.

"ತೊಟ್ಲ ನಮ್ಮದ್ರಿ. ಇಕಿ ನನ್ನ ಮಗಳು. ಕೂಸ ಹುಟ್ಟೂ ಮೊದಲ ತೊಟ್ಲ ಮನ್ಯಾಗ ಬ್ಯಾಡಂತ ನಾನ ಇವರ ಮನಿಗೆ ಕಳಿಸೀನಿ. ಯಾರಿಗೂ ಹೇಳಬ್ಯಾಡ್ರಿ ಅಂತ ಕೈ ಹಿಡದ ಕೇಳ್ಕೊಂಡೀನಿ. ಮಗನ ಮದುವಿ ಮುರದ್ರೂ ಇವರು ನನಗ ಕೊಟ್ಟ ಮಾತ ಮುರೀಲಿಲ್ಲ. ಇಂಥಾ ಮನಿಗೆ ಹೆಣ್ಣ ಕೊಡಾಕ ನೀವು ಹಿಂದ ಮುಂದ ನೋಡಾಕತ್ತೀರೇನು?"

ಹೇಳಿ ಮುಗಿಸುವಷ್ಟರಲ್ಲಿ ಸುಮಿತ್ರವ್ವನ ಕಣ್ಣು ತುಂಬಿತ್ತು. ಅವಳ ಕೈ ಮಗಳ ಹೊಟ್ಟೆಯ ಮುಂದೆ ತಾನಾಗಿಯೇ ಅಡ್ಡ ಹೋಗಿತ್ತು.

ಮೋತಿಬಿ ಅದನ್ನು ನೋಡಿದಳು. ಬೆತ್ತವನ್ನು ರಮೀಜನ ಕೈಗೆ ಕೊಟ್ಟು ಹತ್ತಿರ ಬಂದು, ವಾಣಿಶ್ರೀಯ ಮುಖದ ಮೇಲಿಂದ ತನ್ನೆರಡೂ ಕೈ ಇಳಿಸಿ, ತನ್ನ ಹಣೆಗೆ ಒತ್ತಿ ಲಟಲಟ ಎಂದು ಲಟಿಕೆ ಮುರಿದಳು.

"ನನ್ನ ದೃಷ್ಟಿ ನಾನ ತಗದೀನಿ. ಅಂಜಬ್ಯಾಡ ಮಗಳ. ಸುಖಾ ಹಡದ ಏಳವಾ" ಎಂದಳು. ಆಮೇಲೆ ನಿಜಾಮುದ್ದೀನನ ಕಡೆ ತಿರುಗಿದಳು. "ನೆರೀಮನಿ ಮಾತ ಇಷ್ಟ ಕಾಯಾಂವ ಸೊಸಿ ಮಾತ ಕಾಯಂಗಿಲ್ಲೇನು? ಆತಪಾ. ಗುಲ್ನಾಜ ನಿಮ್ಮಾಕಿ."

ಮೆಹಬೂಬಿ ಸುಮಿತ್ರವ್ವನನ್ನು ತಬ್ಬಿ ಅತ್ತಳು. ಹಿತ್ತಿಲ ಬಾಗಿಲಲ್ಲಿ ಇಣುಕುತ್ತಿದ್ದ ಅಮೀನಬಿ, ಯಾವ ಸುದ್ದಿ ಮೊದಲು ಹೇಳಬೇಕೆಂದು ತಿಳಿಯದೆ ಅಲ್ಲೇ ನಿಂತು ತಾನೂ ಅತ್ತಳು. ತಾರೀಖ ಸಿಹಿ ತರುತ್ತೇನೆಂದು ಓಡಿದವನು ಚಪ್ಪಲಿ ಮರೆತು ಹೋಗಿ ಕರದಂಟಿನ ಡಬ್ಬಿ ಹಿಡಿದು ಬಂದ.

ಚಹಾ ಬಂತು. ಮದುವೆ ಯಾವಾಗ, ಎಲ್ಲಿ ಎಂಬ ಮಾತುಗಳೆಲ್ಲ ನಗುನಗುತ್ತ ಮುಗಿದವು. ಏಳುವ ಮುಂಚೆ ಮೋತಿಬಿ ಬೆತ್ತ ನೆಲಕ್ಕೆ ಕುಟ್ಟಿದಳು.

"ನಂದೊಂದ ಶರತ್ತ ಐತಿ. ಮುಂದ ಗುಲ್ನಾಜಗ ಕೂಸಾದ್ರ ತೊಟ್ಲ ಲಕ್ಷ್ಮೇಶ್ವರದಿಂದ ಬರ್ತೈತಿ. ಬಡಿಗ್ಯಾನ ಕೈಲೆ ಮಾಡಸಿದ್ದು. ಇದಕ್ಕ ಒಪ್ಪಿಗಿ ಐತೋ ಇಲ್ಲೋ?"

ಐತಿ, ಐತಿ ಎಂದು ಎಲ್ಲರೂ ಒಕ್ಕೊರಲಿನಿಂದ ಕೂಗಿದರು. ಸುಮಿತ್ರವ್ವನ ದನಿ ಎಲ್ಲರಿಗಿಂತ ದೊಡ್ಡದಾಗಿತ್ತು.

ಕಳಚಿದ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಮೂಲೆಯಲ್ಲಿ ಕೂತಿದ್ದ ಅಂದಪ್ಪ ಮಾತ್ರ ಗಂಭೀರವಾಗಿ ಮುಂದೆ ಸರಿದ. ಒಂದು ತೊಟ್ಟಿಲು ಕಟ್ಟಿ ಬೀಳಿಸಿದ ಅನುಭವ ಈಗ ಅವನ ಬೆನ್ನಿಗಿತ್ತು.

"ಬಡಿಗ್ಯಾನ ಕೈಲೆ ಆಗಲಿ ಅಮ್ಮಾರ, ಬ್ಯಾಡನ್ನಂಗಿಲ್ಲ. ಆದರ ಕಟ್ಟಗಿ ಯಾವದ ಹಾಕಬೇಕು, ಕೀಲ ಎಲ್ಲೆ, ಮೊಳಿ ಎಲ್ಲೆ, ಅದರ ಮ್ಯಾಲೆ ನಾ ಒಂದೆರಡ ಸಲಹಾ..."

ಮೋತಿಬಿ ಡಬ್ಬಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಕರದಂಟಿನ ತುಂಡು ಆರಿಸಿ ಅವನ ಬಾಯಿಗಿಟ್ಟಳು. ಅವನು ಅದನ್ನು ಅಗಿದು ಮುಗಿಸುವಷ್ಟರಲ್ಲಿ ಲಕ್ಷ್ಮೇಶ್ವರದ ಬಸ್ಸು ಊರು ದಾಟಿತ್ತು.